ಎಕ್, ದಿಯಾ, ಎಯಿಸ್: ರಕ್ಷಣೆಯ ವಾದದಲ್ಲಿ ಗ್ರೀಕ್ ಉಪಸರ್ಗಗಳಿಗೆ ಎಷ್ಟು ಬಲ?

ಪೌಲನು ರೋಮಾಪುರದವರಿಗೆ ಬರೆದ ಪತ್ರದ 3:30ರಲ್ಲಿ ಒಂದು ಸಣ್ಣ ತೊಡಕಿದೆ. ದೇವರು ಒಬ್ಬನೇ ಆದ್ದರಿಂದ ಸುನ್ನತಿಯಾದವರನ್ನೂ ಸುನ್ನತಿಯಿಲ್ಲದವರನ್ನೂ ಆತನು ನಂಬಿಕೆಯ ನೆಲೆಯಲ್ಲೇ ನೀತಿವಂತರೆಂದು ನಿರ್ಣಯಿಸುವನು ಎಂಬುದು ಆ ವಾಕ್ಯದ ತಾತ್ಪರ್ಯ. ಆದರೆ ಮೂಲ ಗ್ರೀಕಿನಲ್ಲಿ ಮೊದಲನೆಯ ಗುಂಪಿಗೆ ‘ಎಕ್ ಪಿಸ್ತೆಯೋಸ್’ ಎಂದೂ ಎರಡನೆಯ ಗುಂಪಿಗೆ ‘ದಿಯಾ ತೇಸ್ ಪಿಸ್ತೆಯೋಸ್’ ಎಂದೂ ಇದೆ (‘ಪಿಸ್ತೆಯೋಸ್’ ಎಂಬುದು ‘ನಂಬಿಕೆ’ ಎಂಬ ಪದದ ಷಷ್ಠೀ ರೂಪ). ‘ಎಕ್’ ಎಂದರೆ ಒಂದರೊಳಗಿಂದ ಹೊರಟದ್ದು. ‘ದಿಯಾ’ ಎಂದರೆ ಒಂದರ ಮೂಲಕ ಹಾದು ಬಂದದ್ದು. ಹಾಗಾದರೆ ಯೆಹೂದ್ಯರಿಗೊಂದು ದಾರಿ, ಅನ್ಯಜನರಿಗೆ ಇನ್ನೊಂದೇ? ಮೂರನೆಯ ಶತಮಾನದ ಗ್ರೀಕ್ ವ್ಯಾಖ್ಯಾನಕಾರ ಒರಿಗೆನ್ ಈ ವ್ಯತ್ಯಾಸ ಸುಮ್ಮನೆ ಬಂದದ್ದಲ್ಲ ಎಂದುಕೊಂಡು ಅದರಲ್ಲಿ ಅರ್ಥ ಹುಡುಕಿದ. ಐದನೆಯ ಶತಮಾನದ ಆರಂಭದಲ್ಲಿ ಲ್ಯಾಟಿನ್ ಸಭೆಯ ದೇವಶಾಸ್ತ್ರಜ್ಞ ಅಗಸ್ಟೀನ್ ಅದನ್ನು ತಳ್ಳಿಹಾಕಿ, ಇಲ್ಲಿರುವುದು ಹೇಳುವ ಬಗೆಯಲ್ಲಿನ ವೈವಿಧ್ಯವೇ ಹೊರತು ಅರ್ಥದ ಭೇದವಲ್ಲ ಎಂದ.

ಇವರಿಬ್ಬರ ನಡುವಿನ ಭಿನ್ನಾಭಿಪ್ರಾಯ ಇಂದಿಗೂ ಬೇರೆ ಬೇರೆ ರೂಪದಲ್ಲಿ ಮುಂದುವರಿದಿದೆ. ಫೋನಿನ ತೆರೆಯಲ್ಲಿ ಒಂದು ಗ್ರೀಕ್ ಪದದ ಮೇಲೆ ಬೆರಳಿಟ್ಟರೆ ನಿಘಂಟಿನ ಅರ್ಥಗಳೆಲ್ಲ ಸಾಲಾಗಿ ಬಂದು ನಿಲ್ಲುವ ಈ ಕಾಲದಲ್ಲಿ, ಒಂದು ಇಡೀ ಗ್ರೀಕ್ ವಾಕ್ಯವನ್ನು ಓದಲಾರದವರೂ ‘ಮೂಲದಲ್ಲಿ ಎಯಿಸ್ ಎಂದಿದೆ, ಇನ್ನು ವಾದವೇ ಬೇಡ’ ಎನ್ನುವುದು ಪ್ರಸಂಗಗಳಲ್ಲೂ ವೇದಪಾಠದ ಗುಂಪುಗಳಲ್ಲೂ ಸಾಮಾನ್ಯವಾಗಿಬಿಟ್ಟಿದೆ. ನಂಬಿಕೆ ಸಾಕೇ, ಕ್ರಿಯೆಗಳೂ ಬೇಕೇ, ದೀಕ್ಷಾಸ್ನಾನವಿಲ್ಲದೆ ರಕ್ಷಣೆ ಉಂಟೇ ಎಂಬ ಪ್ರಶ್ನೆಗಳ ತೀರ್ಪನ್ನು ಎರಡು ಮೂರು ಅಕ್ಷರಗಳ ಪದಗಳ ತಲೆಗೆ ಕಟ್ಟುವ ಈ ರೂಢಿಯನ್ನು ಒಮ್ಮೆ ಪರಿಶೀಲಿಸಬೇಕಾಗಿದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಉಪಸರ್ಗಗಳು ಕೆಲವು ವ್ಯಾಖ್ಯಾನಗಳನ್ನು ಅಸಾಧ್ಯವಾಗಿಸಬಲ್ಲವು, ಆದರೆ ಯಾವ ಸಭೆಯ ಸಿದ್ಧಾಂತವನ್ನೂ ತಾವಾಗಿಯೇ ಸ್ಥಾಪಿಸಲಾರವು.

ಮೊದಲು ಇವು ಕೆಲಸ ಮಾಡುವ ರೀತಿಯನ್ನು ನೋಡೋಣ. ಗ್ರೀಕಿನಲ್ಲಿ ನಾಮಪದಕ್ಕೆ ವಿಭಕ್ತಿಯೂ ಇದೆ, ಅದಕ್ಕೆ ಮುನ್ನ ನಿಲ್ಲುವ ಉಪಸರ್ಗವೂ ಇದೆ. ಎರಡೂ ಕೂಡಿ ಅರ್ಥ ಕೊಡುತ್ತವೆ. ಒಂದೇ ‘ದಿಯಾ’ ಷಷ್ಠೀ ವಿಭಕ್ತಿಯೊಡನೆ ಬಂದರೆ ‘ಮೂಲಕ’ ಎಂದಾಗುತ್ತದೆ, ದ್ವಿತೀಯೆಯೊಡನೆ ಬಂದರೆ ‘ನಿಮಿತ್ತ’ ಎಂದಾಗುತ್ತದೆ. ‘ಎಕ್’ ಮೂಲವನ್ನೋ ಆಧಾರವನ್ನೋ ಹೇಳುತ್ತದೆ, ‘ಎಯಿಸ್’ ದಿಕ್ಕನ್ನು, ಗುರಿಯನ್ನು, ‘ಕತಾ’ ದ್ವಿತೀಯೆಯೊಡನೆ ಅಳತೆಗೋಲನ್ನು, ‘ಖೋರಿಸ್’ ಇಲ್ಲದಿರುವುದನ್ನು. ಇವಲ್ಲದೆ ಯಾವ ಉಪಸರ್ಗವೂ ಇಲ್ಲದ ಬರೀ ಚತುರ್ಥೀ ರೂಪವೇ ಕರಣಾರ್ಥವನ್ನು ಕೊಡುವುದುಂಟು. ಪೌಲನ ಕಾಲದ ಆಡುಗ್ರೀಕಿನಲ್ಲಿ ಈ ಗಡಿಗಳು ಸಡಿಲವಾಗತೊಡಗಿದ್ದವು. ‘ಎಯಿಸ್’ ಬರಬೇಕಾದಲ್ಲಿ ‘ಅಲ್ಲಿ, ಒಳಗೆ’ ಎಂಬರ್ಥದ ‘ಎನ್’, ‘ಎನ್’ ಬರಬೇಕಾದಲ್ಲಿ ‘ಎಯಿಸ್’ ಬರುವುದು ಅಪರೂಪವಾಗಿರಲಿಲ್ಲ. ಒಂದು ಪೆಟ್ಟಿಗೆ ಬರೆದು, ಒಳಗೆ ಹೋಗುವ ಬಾಣಕ್ಕೊಂದು ಹೊರಬರುವ ಬಾಣಕ್ಕೊಂದು ಉಪಸರ್ಗದ ಹೆಸರಿಟ್ಟು ಕಲಿಸುವ ಪಠ್ಯಪುಸ್ತಕಗಳ ಚಿತ್ರ ಆರಂಭದ ವಿದ್ಯಾರ್ಥಿಗೆ ಉಪಕಾರಿ. ಆ ಚಿತ್ರವನ್ನೇ ದೇವಶಾಸ್ತ್ರವೆಂದು ನಂಬಿದಾಗ ತೊಂದರೆ ಶುರುವಾಗುತ್ತದೆ.

ಕನ್ನಡದಲ್ಲಿ ಓದುವವರಿಗೆ ಇನ್ನೊಂದು ಬಗೆಯ ಮಬ್ಬು ಇದೆ. ಕೊಡಲಿಯಿಂದ ಕಡಿದ, ಮರದಿಂದ ಬಿದ್ದ, ಜ್ವರದಿಂದ ಸತ್ತ ಎಂಬ ಮೂರು ಮಾತುಗಳಲ್ಲಿ ಕರಣ, ಅಪಾದಾನ, ಕಾರಣ ಮೂರನ್ನೂ ನಾವು ಒಂದೇ ‘ಇಂದ’ದಲ್ಲಿ ಹೇಳಿ ಮುಗಿಸುತ್ತೇವೆ. ಆದ್ದರಿಂದ ‘ಕೃಪೆಯಿಂದ’, ‘ನಂಬಿಕೆಯಿಂದ’, ‘ಕ್ರಿಯೆಗಳಿಂದ’ ಎಂದು ಓದಿಕೊಂಡು ಹೋಗುವ ಕಿವಿಗೆ ಈ ಮೂರೂ ಒಂದೇ ಸ್ಥಾನಕ್ಕೆ ಪೈಪೋಟಿ ಮಾಡುತ್ತಿರುವ ಅಭ್ಯರ್ಥಿಗಳಂತೆ ಕೇಳಿಸುತ್ತವೆ. ಗ್ರೀಕಿನಲ್ಲಿ ಹಾಗಿಲ್ಲ ಎಂಬುದಕ್ಕೆ ಎಫೆಸದವರಿಗೆ ಬರೆದ ಪತ್ರದ 2:8ರಿಂದ 10ರವರೆಗಿನ ಮೂರು ವಚನಗಳಿಗಿಂತ ಒಳ್ಳೆಯ ಉದಾಹರಣೆಯಿಲ್ಲ.

ಅಲ್ಲಿ ‘ಕೃಪೆ’ಗೆ ಉಪಸರ್ಗವೇ ಇಲ್ಲ, ಬರೀ ಚತುರ್ಥೀ ರೂಪ. ‘ನಂಬಿಕೆ’ಗೆ ‘ದಿಯಾ’, ಅದೂ ಷಷ್ಠಿಯೊಡನೆ. ರಕ್ಷಣೆಯು ‘ನಿಮ್ಮಿಂದಲ್ಲ’, ‘ಕ್ರಿಯೆಗಳಿಂದಲ್ಲ’ ಎನ್ನುವಾಗ ಎರಡು ಕಡೆಯೂ ‘ಎಕ್’. ಕೊನೆಯಲ್ಲಿ, ನಾವು ಕ್ರಿಸ್ತ ಯೇಸುವಿನಲ್ಲಿ ಒಳ್ಳೆಯ ಕ್ರಿಯೆಗಳಿಗಾಗಿ ಸೃಷ್ಟಿಸಲ್ಪಟ್ಟವರು ಎನ್ನುವಾಗ ‘ಎಪಿ’. ಅಂದರೆ ಕೆಲವೇ ಪದಗಳ ಅಂತರದಲ್ಲಿ ‘ಕ್ರಿಯೆ’ ಎಂಬ ಒಂದೇ ನಾಮಪದ ಎರಡು ಉಪಸರ್ಗಗಳ ಜೊತೆ ಬಂದು ಎರಡು ಬೇರೆ ಜಾಗಗಳಲ್ಲಿ ನಿಂತಿದೆ: ಮೂಲವಾಗಿ ಅದು ನಿರಾಕೃತ, ಗುರಿಯಾಗಿ ಸ್ವೀಕೃತ. ಒಂಬತ್ತನೆಯ ವಚನಕ್ಕೆ ನಿಂತು ಕ್ರಿಯೆಗಳಿಗೂ ರಕ್ಷಣೆಗೂ ಸಂಬಂಧವೇ ಇಲ್ಲ ಎನ್ನುವವರೂ, ಹತ್ತನೆಯದನ್ನು ಮಾತ್ರ ಹಿಡಿದು ಕ್ರಿಯೆಗಳೇ ರಕ್ಷಣೆಗೆ ಆಧಾರ ಎನ್ನುವವರೂ ಒಂದೇ ವಾಕ್ಯಮಾಲೆಯನ್ನು ಅರ್ಧಕ್ಕೆ ಕತ್ತರಿಸಿಕೊಂಡಿದ್ದಾರೆ. ಉಪಸರ್ಗಗಳು ನಿಜವಾಗಿ ಒಂದು ಬಾಗಿಲನ್ನು ಮುಚ್ಚುವ ಸ್ಥಳ ಇದು.

ಇದೇ ವಚನದ ಮೇಲೆ ನಡೆಯುವ ಇನ್ನೊಂದು ವಾದವನ್ನು ಬೇಗ ಮುಗಿಸಬಹುದು. ‘ಇದು ನಿಮ್ಮಿಂದಲ್ಲ, ದೇವರ ವರ’ ಎಂಬಲ್ಲಿನ ‘ಇದು’ ನಂಬಿಕೆಯನ್ನೇ ಸೂಚಿಸುತ್ತದೆ, ಆದ್ದರಿಂದ ನಂಬಿಕೆಯೂ ದೇವರು ಕೊಟ್ಟದ್ದೇ ಎಂದು ಕೆಲವರು ಸಾಧಿಸುತ್ತಾರೆ. ಗ್ರೀಕಿನಲ್ಲಿ ‘ನಂಬಿಕೆ’ ಸ್ತ್ರೀಲಿಂಗ, ‘ಇದು’ ನಪುಂಸಕಲಿಂಗ. ಹಾಗಾಗಿ ಅದು ಹಿಂದಿನ ಇಡೀ ಮಾತನ್ನು, ಕೃಪೆಯಿಂದ ನಂಬಿಕೆಯ ಮೂಲಕ ರಕ್ಷಣೆಯಾಗಿರುವ ಸಂಗತಿಯನ್ನು, ಸೂಚಿಸುತ್ತದೆ ಎನ್ನುವುದೇ ಸಹಜ. ನಂಬಿಕೆ ವರವೆಂಬ ವಾದಕ್ಕೆ ಫಿಲಿಪ್ಪಿಯವರಿಗೆ ಬರೆದ ಪತ್ರದ 1:29 ಇದಕ್ಕಿಂತ ಗಟ್ಟಿಯಾದ ಆಸರೆ.

‘ದಿಯಾ’ದ ಜೊತೆಗಿನ ವಿಭಕ್ತಿಗೆ ಮರಳುತ್ತೇನೆ, ಏಕೆಂದರೆ ಸುಧಾರಣಾ ಕಾಲದ ದೊಡ್ಡ ಜಗಳದ ಒಂದು ಎಳೆ ಅಲ್ಲಿದೆ. ಮನುಷ್ಯನು ನಂಬಿಕೆಯಿಂದ ನೀತಿವಂತನೆಂಬ ನಿರ್ಣಯ ಹೊಂದುವುದನ್ನು ಹೇಳುವಾಗ ಹೊಸ ಒಡಂಬಡಿಕೆಯು ಬರೀ ಚತುರ್ಥಿಯನ್ನು ಬಳಸುತ್ತದೆ, ‘ಎಕ್’ ಬಳಸುತ್ತದೆ, ಷಷ್ಠಿಯೊಡನೆ ‘ದಿಯಾ’ ಬಳಸುತ್ತದೆ. ದ್ವಿತೀಯೆಯೊಡನೆ ‘ದಿಯಾ’ವನ್ನು ಮಾತ್ರ ಎಲ್ಲಿಯೂ ಬಳಸುವುದಿಲ್ಲ. ‘ನಿನ್ನ ನಂಬಿಕೆಯ ನಿಮಿತ್ತ ನಿನ್ನನ್ನು ನೀತಿವಂತನೆಂದು ಎಣಿಸಿದೆ’ ಎಂಬ ಮಾತು ಅಲ್ಲಿಲ್ಲ. ಲೂಥರನ ಸಂಗಾತಿ ಮೆಲಾಂಖ್ತನ್ 1530ರಲ್ಲಿ ಸಿದ್ಧಪಡಿಸಿದ ಆಗ್ಸ್‌ಬರ್ಗ್ ವಿಶ್ವಾಸ ಪ್ರಮಾಣದ ನಾಲ್ಕನೆಯ ವಿಧಿ ಈ ಭೇದವನ್ನೇ ಲ್ಯಾಟಿನ್ನಿನಲ್ಲಿ ಎರಡು ಉಪಸರ್ಗಗಳಲ್ಲಿ ಹಿಡಿದಿಟ್ಟಿತು: ‘ಪ್ರಾಪ್ಟರ್ ಕ್ರಿಸ್ಟುಮ್, ಪೆರ್ ಫಿದೆಮ್’, ಕ್ರಿಸ್ತನ ನಿಮಿತ್ತ, ನಂಬಿಕೆಯ ಮೂಲಕ. ನಂಬಿಕೆಯನ್ನೂ ಒಂದು ಪುಣ್ಯಕಾರ್ಯವನ್ನಾಗಿ ಮಾಡಿ, ಅದಕ್ಕೆ ಪ್ರತಿಫಲವಾಗಿ ರಕ್ಷಣೆ ಬರುತ್ತದೆ ಎನ್ನುವ ಜನಪ್ರಿಯ ಸುವಾರ್ತಾ ಪ್ರಸಂಗಗಳ ಧಾಟಿಗೆ ಈ ವಿಧಿ ಇಂದಿಗೂ ಒಂದು ತಡೆ. ಪ್ರೊಟೆಸ್ಟಂಟರಲ್ಲೇ ಎಷ್ಟೋ ಮಂದಿ ಅರಿಯದೆ ‘ನಂಬಿಕೆಯ ನಿಮಿತ್ತ’ ಎಂಬ ಅರ್ಥದಲ್ಲೇ ಮಾತನಾಡುತ್ತಾರೆ.

ಆದರೆ ‘ದಿಯಾ’ ಷಷ್ಠಿಯೊಡನೆ ಬಂದ ಮಾತ್ರಕ್ಕೆ ನಂಬಿಕೆಯೇ ಏಕೈಕ ಸಾಧನವೆಂದು ಸಿದ್ಧವಾಗುತ್ತದೆಯೇ? 1547ರ ಜನವರಿಯಲ್ಲಿ, ಸುಧಾರಣೆಗೆ ಉತ್ತರವಾಗಿ ಸೇರಿದ ಕಥೋಲಿಕರ ಟ್ರೆಂಟ್ ಮಹಾಸಭೆಯ ಆರನೆಯ ಅಧಿವೇಶನ ನೀತೀಕರಣದ, ಅಂದರೆ ಮನುಷ್ಯನು ದೇವರೆದುರು ನೀತಿವಂತನಾಗುವುದರ, ಕಾರಣಗಳನ್ನು ವಿಂಗಡಿಸಿ ಹೇಳುವಾಗ ಪರಮೋದ್ದೇಶ, ಕರ್ತೃಕಾರಣ, ಕ್ರಿಸ್ತನ ಪುಣ್ಯವೆಂಬ ಕಾರಣ ಎಂದೆಲ್ಲ ಎಣಿಸಿ, ಸಾಧನಕಾರಣದ ಸ್ಥಾನದಲ್ಲಿ ‘ವಿಶ್ವಾಸದ ಸಂಸ್ಕಾರ’ವಾದ ದೀಕ್ಷಾಸ್ನಾನವನ್ನು ಇಟ್ಟಿತು. ನೂರು ವರ್ಷಗಳ ನಂತರ, ಕ್ಯಾಲ್ವಿನನ ಜಾಡು ಹಿಡಿದ ಸುಧಾರಿತ ಪಂಥದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣದ ಹನ್ನೊಂದನೆಯ ಅಧ್ಯಾಯ ಅದೇ ಸಾಧನದ ಸ್ಥಾನದಲ್ಲಿ ನಂಬಿಕೆಯೊಂದನ್ನೇ ಕೂರಿಸಿ, ಆ ನಂಬಿಕೆ ಮಾತ್ರ ಎಂದಿಗೂ ಒಂಟಿಯಾಗಿರುವುದಿಲ್ಲ, ಇತರ ಸದ್ಗುಣಗಳು ಅದರ ಜೊತೆಗೇ ಇರುತ್ತವೆ ಎಂದು ಸೇರಿಸಿತು. ಎರಡೂ ಕಡೆಯವರು ಮಾತನಾಡುತ್ತಿದ್ದುದು ಅರಿಸ್ಟಾಟಲನ ಕಾರಣವಿಚಾರ ಕಲಿಸಿದ ವಿದ್ಯಾಲಯಗಳ ಭಾಷೆಯನ್ನು. ಗ್ರೀಕ್ ಪಠ್ಯವನ್ನು ಕೇಳಿದರೆ ಅದು ಇಬ್ಬರಿಗೂ ಅರ್ಧ ಉತ್ತರ ಕೊಡುತ್ತದೆ: ಎಫೆಸದ ಪತ್ರದಲ್ಲಿ ‘ದಿಯಾ’ ಬಂದಿರುವುದು ನಂಬಿಕೆಗೆ, ತೀತನಿಗೆ ಬರೆದ ಪತ್ರದ 3:5ರಲ್ಲಿ ಅದೇ ‘ದಿಯಾ’, ಅದೇ ಷಷ್ಠಿ, ಬಂದಿರುವುದು ಪುನರ್ಜನ್ಮವನ್ನು ಸೂಚಿಸುವ ಸ್ನಾನಕ್ಕೆ. ಅಲ್ಲಿಯೂ ಕ್ರಿಯೆಗಳಿಗೆ ‘ಎಕ್’ ಹಾಕಿ ನಿರಾಕರಿಸಲಾಗಿದೆ. ದೇವರ ಕರುಣೆಗೆ ‘ಕತಾ’ ಹಾಕಲಾಗಿದೆ. ಒಂದು ‘ದಿಯಾ’ದಿಂದ ಏಕೈಕ ಸಾಧನವನ್ನು ಹೊರತೆಗೆಯುವವರು ಇನ್ನೊಂದು ‘ದಿಯಾ’ಕ್ಕೂ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಉಪಸರ್ಗಗಳಿಂದ ತತ್ತ್ವವನ್ನು ಹಿಂಡುವ ಅಭ್ಯಾಸ ಹೊಸದೂ ಅಲ್ಲ, ಅದರ ಅಪಾಯ ತಿಳಿಯದೆ ಹೋದದ್ದೂ ಅಲ್ಲ. ನಾಲ್ಕನೆಯ ಶತಮಾನದಲ್ಲಿ ಏಟಿಯಸ್ ಎಂಬ ಏರಿಯಸ್‌ಪಂಥೀಯ (ಮಗನು ತಂದೆಗೆ ಸಮಾನನಲ್ಲ ಎನ್ನುವ ಪಂಥದ) ತಾರ್ಕಿಕ, ತಂದೆಗೆ ‘ಯಾರಿಂದ’, ಮಗನಿಗೆ ‘ಯಾರ ಮೂಲಕ’, ಪವಿತ್ರಾತ್ಮನಿಗೆ ‘ಯಾರಲ್ಲಿ’ ಎಂದು ಶಾಸ್ತ್ರ ಬೇರೆ ಬೇರೆ ಉಪಸರ್ಗ ಬಳಸುವುದರಿಂದ ಮೂವರ ಸ್ವಭಾವವೂ ಬೇರೆ ಬೇರೆ ಎಂದು ಸಾಧಿಸಲು ಹೊರಟಿದ್ದ. ಸುಮಾರು 375ರ ವೇಳೆಗೆ ಕೈಸರೇಯದ ಬೆಸಿಲ್ ಪವಿತ್ರಾತ್ಮನನ್ನು ಕುರಿತು ಗ್ರಂಥ ಬರೆದಾಗ ಅದರ ಮೊದಲ ಅಧ್ಯಾಯಗಳನ್ನು ಇದರ ಖಂಡನೆಗೇ ಮೀಸಲಿಟ್ಟ. ಶಾಸ್ತ್ರದಲ್ಲಿ ತಂದೆಗೂ ‘ದಿಯಾ’ ಬಂದಿದೆ, ಮಗನಿಗೂ ‘ಎಕ್’ ಬಂದಿದೆ ಎಂದು ವಚನಗಳನ್ನು ಒಂದೊಂದಾಗಿ ಎತ್ತಿ ತೋರಿಸಿ, ಈ ಸೂಕ್ಷ್ಮ ವಿಂಗಡಣೆ ಲೋಕದ ತತ್ತ್ವಜ್ಞಾನಿಗಳಿಂದ ಎರವಲು ತಂದದ್ದು ಎಂದು ಚುಚ್ಚಿದ. ಗ್ರೀಕ್ ಅವನ ಮನೆಮಾತು ಎಂಬುದನ್ನು ಮರೆಯಬಾರದು.

ಪೌಲನಿಗೂ ಯಾಕೋಬನಿಗೂ ಇರುವಂತೆ ತೋರುವ ವಿರೋಧದಲ್ಲಿ ಬೆಸಿಲನ ಎಚ್ಚರಿಕೆ ಬಹಳ ಉಪಯೋಗಕ್ಕೆ ಬರುತ್ತದೆ. ರೋಮಾ 3:28ರಲ್ಲಿ ಪೌಲನು, ಧರ್ಮಶಾಸ್ತ್ರದ ಕ್ರಿಯೆಗಳಿಲ್ಲದೆ, ಅಂದರೆ ‘ಖೋರಿಸ್’, ಮನುಷ್ಯನು ನಂಬಿಕೆಯಿಂದ ನೀತಿವಂತನೆಂಬ ನಿರ್ಣಯ ಹೊಂದುತ್ತಾನೆ ಎನ್ನುತ್ತಾನೆ. ಇಲ್ಲಿ ‘ನಂಬಿಕೆ’ ಬರೀ ಚತುರ್ಥಿಯಲ್ಲಿದೆ. ಯಾಕೋಬ 2:24ರಲ್ಲಿ ಮನುಷ್ಯನು ‘ಎಕ್’ ಕ್ರಿಯೆಗಳು ನೀತಿವಂತನೆನಿಸಿಕೊಳ್ಳುತ್ತಾನೆ, ‘ಎಕ್’ ನಂಬಿಕೆ ಮಾತ್ರದಿಂದ ಅಲ್ಲ. ಎರಡು ವಚನಗಳ ನಂತರ ಕ್ರಿಯೆಗಳಿಲ್ಲದ, ಮತ್ತೆ ‘ಖೋರಿಸ್’, ನಂಬಿಕೆ ಸತ್ತದ್ದು. ಗಲಾತ್ಯ 2:16ರಲ್ಲಿ ಪೌಲನು ನಿರಾಕರಿಸುವುದೂ ‘ಎಕ್’ ಧರ್ಮಶಾಸ್ತ್ರದ ಕ್ರಿಯೆಗಳನ್ನೇ. ಅದೇ ಕ್ರಿಯಾಪದ, ಅದೇ ಎರಡು ಉಪಸರ್ಗಗಳು, ಆದಿಕಾಂಡ 15:6ರ ಅದೇ ಅಬ್ರಹಾಮನ ಸಾಕ್ಷಿ. ಇಬ್ಬರೂ ಒಂದೇ ಉಪಸರ್ಗವನ್ನು ಎದುರುಬದುರು ವಾಕ್ಯಗಳಲ್ಲಿ ಇಟ್ಟಿರುವಾಗ ಸಮಾಧಾನ ಆ ಉಪಸರ್ಗದಲ್ಲಿ ಸಿಗಲಾರದು. ಅದನ್ನು ‘ನೀತಿವಂತನೆನಿಸು’ ಎಂಬ ಕ್ರಿಯಾಪದದಲ್ಲೋ ‘ನಂಬಿಕೆ’ ಎಂಬ ನಾಮಪದದಲ್ಲೋ ಹುಡುಕಬೇಕು.

ಯಾಕೋಬನ ಎರಡನೆಯ ಅಧ್ಯಾಯವನ್ನೇ ಹತ್ತಿರದಿಂದ ನೋಡಿದರೆ ‘ಎಕ್’ ಅಲ್ಲಿ ಹೇಗೆ ಬಣ್ಣ ಬದಲಿಸುತ್ತದೆ ಎಂಬುದು ತಿಳಿಯುತ್ತದೆ. ಹದಿನೆಂಟನೆಯ ವಚನದಲ್ಲಿ ‘ನನ್ನ ಕ್ರಿಯೆಗಳಿಂದ ನನ್ನ ನಂಬಿಕೆಯನ್ನು ನಿನಗೆ ತೋರಿಸುತ್ತೇನೆ’ ಎಂದಾಗ ‘ಎಕ್’ ಪುರಾವೆಯ ಮೂಲವನ್ನು ಹೇಳುತ್ತದೆ; ಹೊಗೆಯಿಂದ ಬೆಂಕಿ ಗೊತ್ತಾಯಿತು ಎಂಬಂಥ ಪ್ರಯೋಗ. ಇಪ್ಪತ್ತೆರಡರಲ್ಲಿ ಅಬ್ರಹಾಮನ ನಂಬಿಕೆ ಕ್ರಿಯೆಗಳಿಂದ ಸಿದ್ಧಿಗೆ ಬಂತು ಎಂದಾಗ ಅದೇ ‘ಎಕ್’ ಪುರಾವೆಯನ್ನು ದಾಟಿ ಪರಿಪೂರ್ಣತೆಗೆ ಕಾರಣವಾದದ್ದನ್ನು ಹೇಳುತ್ತದೆ. ಇಪ್ಪತ್ತನಾಲ್ಕರಲ್ಲಿ ನೀತಿವಂತನೆನಿಸಿಕೊಳ್ಳುವುದರ ಜೊತೆಗೆ ಮತ್ತೆ ಬರುತ್ತದೆ. ಸುಧಾರಿತ ಪಂಥದವರು ಹದಿನೆಂಟರ ಪುರಾವೆಯ ಅರ್ಥವನ್ನೇ ಇಪ್ಪತ್ತನಾಲ್ಕಕ್ಕೂ ಎಳೆದು, ಯಾಕೋಬನು ಹೇಳುವುದು ನೀತಿ ಜನರೆದುರು ಪ್ರಕಟವಾಗುವುದನ್ನು ಮಾತ್ರ ಎನ್ನುತ್ತಾರೆ. ಕಥೋಲಿಕರು ಇಪ್ಪತ್ತೆರಡರ ಅರ್ಥವನ್ನು ಮುಂದುವರಿಸಿ ಕ್ರಿಯೆಗಳಿಂದ ನೀತಿ ಬೆಳೆಯುತ್ತದೆ ಎನ್ನುತ್ತಾರೆ. ಟ್ರೆಂಟ್ ಮಹಾಸಭೆ ನೀತಿಯ ವೃದ್ಧಿಯನ್ನು ಹೇಳುವ ಹತ್ತನೆಯ ಅಧ್ಯಾಯದಲ್ಲಿ ಉದ್ಧರಿಸಿದ್ದು ಈ ಇಪ್ಪತ್ತನಾಲ್ಕನೆಯ ವಚನವನ್ನೇ. ಮೊದಲನೆಯ ಓದಿಗೆ ಮತ್ತಾಯ 11:19ರಲ್ಲಿ ಜ್ಞಾನವು ತನ್ನ ಕೆಲಸಗಳಿಂದ ಸರಿಯೆನಿಸಿಕೊಂಡಿತು ಎಂಬ ಪ್ರಯೋಗದ ಬೆಂಬಲವಿದೆ. ಆದರೆ ಹದಿನಾಲ್ಕನೆಯ ವಚನದಲ್ಲಿ ಯಾಕೋಬ ಎತ್ತುವ ಪ್ರಶ್ನೆ ‘ಆ ನಂಬಿಕೆ ಅವನನ್ನು ರಕ್ಷಿಸೀತೇ?’ ಎಂಬುದು, ಜನರು ಗುರುತಿಸಿಯಾರೇ ಎಂಬುದಲ್ಲ. ಆದ್ದರಿಂದ ಪುರಾವೆಯ ಓದು ಪೂರ್ತಿ ಒಪ್ಪಿಗೆಯಾಗುವುದಿಲ್ಲ ಎಂದು ನನಗನ್ನಿಸುತ್ತದೆ.

ನಂಬಿಕೆಯ ಬಗೆಯನ್ನು ಗುರುತಿಸುವುದರಲ್ಲಿ ಇದಕ್ಕಿಂತ ಹೆಚ್ಚು ಪ್ರಯೋಜನವಿದೆ. ಹತ್ತೊಂಬತ್ತನೆಯ ವಚನದಲ್ಲಿ ಯಾಕೋಬ ಟೀಕಿಸುವ ನಂಬಿಕೆ ‘ದೇವರು ಒಬ್ಬನೇ ಎಂದು’ ನಂಬುವುದು. ದೆವ್ವಗಳೂ ಅದನ್ನು ನಂಬಿ ನಡುಗುತ್ತವೆ. ಗಲಾತ್ಯ 2:16ರಲ್ಲಿ ಪೌಲನೂ, ತನ್ನ ಸುವಾರ್ತೆಯುದ್ದಕ್ಕೂ ಯೋಹಾನನೂ ಬಳಸುವ ಪ್ರಯೋಗ ‘ಎಯಿಸ್’ನೊಡನೆ ಬರುತ್ತದೆ: ಕ್ರಿಸ್ತನೊಳಕ್ಕೆ, ಕ್ರಿಸ್ತನತ್ತ ನಂಬುವುದು. ಅಗಸ್ಟೀನ್ ಲ್ಯಾಟಿನ್ನಿನಲ್ಲಿ ದೇವರಿದ್ದಾನೆಂದು ನಂಬುವುದು, ದೇವರ ಮಾತನ್ನು ನಂಬುವುದು, ದೇವರೊಳಕ್ಕೆ ನಂಬುವುದು ಎಂಬ ಭೇದ ಮಾಡಿ, ಮೂರನೆಯದು ಪ್ರೀತಿಸುತ್ತಾ ಆತನ ಬಳಿಗೆ ಹೋಗುವುದು ಎಂದು ವಿವರಿಸಿದ. ಲೂಥರ್ 1522ರ ತನ್ನ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ರೋಮಾ 3:28ಕ್ಕೆ ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಪದ ಸೇರಿಸಿ, 1530ರಲ್ಲಿ ಬಹಿರಂಗ ಪತ್ರ ಬರೆದು ಜರ್ಮನ್ ನುಡಿಯ ಜಾಯಮಾನವೇ ಅದನ್ನು ಬೇಡುತ್ತದೆ ಎಂದು ಸಮರ್ಥಿಸಿಕೊಂಡದ್ದು ಎಲ್ಲರಿಗೂ ಗೊತ್ತಿರುವ ಪ್ರಸಂಗ. ‘ಖೋರಿಸ್’ ಇದ್ದಲ್ಲಿ ‘ಮಾತ್ರ’ ಸೇರಿಸುವುದು ಅರ್ಥಕ್ಕೆ ದೂರವೇನಲ್ಲ. ಆದರೆ ಹೊಸ ಒಡಂಬಡಿಕೆಯಲ್ಲಿ ‘ನಂಬಿಕೆ’ ಮತ್ತು ‘ಮಾತ್ರ’ ಜೊತೆಯಾಗಿ ಬರುವ ಏಕೈಕ ವಚನ ಯಾಕೋಬನದು, ಅದೂ ‘ಅಲ್ಲ’ ಎಂಬುದರೊಡನೆ. ಇದು ಲೂಥರನ ಎದುರಾಳಿಗಳಿಗೆ ಸಿಕ್ಕ ಸುಲಭದ ಅಸ್ತ್ರವಾಯಿತು.

ಕೊನೆಯ ತೀರ್ಪಿನ ಪ್ರಶ್ನೆಯಲ್ಲಿ ‘ಕತಾ’ ಮುನ್ನೆಲೆಗೆ ಬರುತ್ತದೆ. ದೇವರು ಪ್ರತಿಯೊಬ್ಬನಿಗೂ ಅವನವನ ಕ್ರಿಯೆಗಳ ಪ್ರಕಾರ ಪ್ರತಿಫಲ ಕೊಡುವನು ಎಂದು ರೋಮಾ 2:6 ಹೇಳುತ್ತದೆ; ಪ್ರಕಟನೆ 20:12ರಲ್ಲಿಯೂ ಅದೇ ‘ಕತಾ’. ನೀತಿನಿರ್ಣಯ ‘ಎಕ್’ ಕ್ರಿಯೆಗಳು ಅಲ್ಲ, ತೀರ್ಪು ಮಾತ್ರ ‘ಕತಾ’ ಕ್ರಿಯೆಗಳು, ಹಾಗಾಗಿ ಪೌಲನಲ್ಲಿ ವಿರೋಧವಿಲ್ಲ ಎಂಬ ಸಮಾಧಾನ ಸುಧಾರಿತ ದೇವಶಾಸ್ತ್ರದಲ್ಲಿ ಬಹಳ ಬಳಕೆಯಲ್ಲಿದೆ. ಅದರಲ್ಲಿ ಸತ್ಯಾಂಶವಿದೆ. ಅಳತೆಗೋಲಿಗೆ ತಕ್ಕಂತಿರುವುದು ಬೇರೆ, ಅದನ್ನೇ ಬೇರಾಗಿ ಹೊಂದಿ ಬೆಳೆಯುವುದು ಬೇರೆ. ಆದರೆ ಈ ಗೋಡೆಯನ್ನು ಎತ್ತರಕ್ಕೆ ಕಟ್ಟುವವರು ಮತ್ತಾಯ 12:37ನ್ನು ದಾಟಿಕೊಂಡು ಹೋಗುತ್ತಾರೆ: ನ್ಯಾಯತೀರ್ಪಿನ ದಿನದ ಸಂದರ್ಭದಲ್ಲೇ ಯೇಸು ‘ನಿನ್ನ ಮಾತುಗಳಿಂದಲೇ ನೀತಿವಂತನೆಂಬ ನಿರ್ಣಯ ಹೊಂದುವಿ’ ಎಂದು ‘ಎಕ್’ ಬಳಸಿ ಹೇಳುತ್ತಾನೆ. ಪೌಲನ ಬರಹದ ರೂಢಿಯನ್ನು ಇಡೀ ಹೊಸ ಒಡಂಬಡಿಕೆಯ ವ್ಯಾಕರಣವನ್ನಾಗಿ ಮಾಡಲು ಆಗುವುದಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಬಿಸಿಯಾಗಿ ಇಂದಿಗೂ ನಡೆಯುವ ಜಗಳ ಅಪೊಸ್ತಲರ ಕೃತ್ಯಗಳು 2:38ರದು. ಪಂಚಾಶತ್ತಮ ದಿನದಂದು ಪೇತ್ರನು ಜನರಿಗೆ, ಮಾನಸಾಂತರಪಟ್ಟು ಪ್ರತಿಯೊಬ್ಬನೂ ಯೇಸು ಕ್ರಿಸ್ತನ ಹೆಸರಿನಲ್ಲಿ ‘ಎಯಿಸ್’ ಪಾಪಕ್ಷಮೆ ದೀಕ್ಷಾಸ್ನಾನ ಮಾಡಿಸಿಕೊಳ್ಳಲಿ ಎನ್ನುತ್ತಾನೆ. ಕ್ಷಮೆ ಹೊಂದುವುದಕ್ಕಾಗಿ ಎಂದೇ ಇದರ ನೇರ ಅರ್ಥ. ಕಥೋಲಿಕ, ಆರ್ಥೊಡಾಕ್ಸ್, ಲೂಥರನ್ ಸಭೆಗಳಿಗೆ ಇದು ಅಡ್ಡಿಯಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಅಲೆಕ್ಸಾಂಡರ್ ಕ್ಯಾಂಪ್‌ಬೆಲ್‌ನ ಸುತ್ತ ಬೆಳೆದು ಮುಂದೆ ಚರ್ಚಸ್ ಆಫ್ ಕ್ರೈಸ್ಟ್ ಎನಿಸಿಕೊಂಡ ಪರಂಪರೆಗಂತೂ ಇದು ಮೂಲಸ್ತಂಭ. ದೀಕ್ಷಾಸ್ನಾನವನ್ನು ಆಗಲೇ ದೊರೆತ ರಕ್ಷಣೆಯ ಬಹಿರಂಗ ಸಾಕ್ಷ್ಯವೆಂದು ನಂಬುವ ಬ್ಯಾಪ್ಟಿಸ್ಟರಿಗೆ ಮಾತ್ರ ತೊಡಕು. ಅವರಲ್ಲಿ ಹೆಸರಾಂತ ವೈಯಾಕರಣಿಯಾದ ಎ. ಟಿ. ರಾಬರ್ಟ್‌ಸನ್ ಇಲ್ಲಿನ ‘ಎಯಿಸ್’ಗೆ ‘ಆದ ಕಾರಣ’ ಎಂಬ ಅರ್ಥ ಸಾಧ್ಯ ಎಂದರು: ಪಾಪಕ್ಷಮೆಯಾಗಿರುವುದರಿಂದ ಸ್ನಾನ ಮಾಡಿಸಿಕೊಳ್ಳಿರಿ. ನಿನೆವೆಯವರು ಯೋನನ ಸಾರೋಣಕ್ಕೆ ‘ಎಯಿಸ್’ ಮಾನಸಾಂತರಪಟ್ಟರು ಎಂಬ ಮತ್ತಾಯ 12:41 ಅವರ ಮುಖ್ಯ ಆಧಾರ.

1951 ಮತ್ತು 1952ರಲ್ಲಿ ಜರ್ನಲ್ ಆಫ್ ಬಿಬ್ಲಿಕಲ್ ಲಿಟರೇಚರ್ ಪತ್ರಿಕೆಯಲ್ಲಿ ಜೆ. ಆರ್. ಮ್ಯಾಂಟಿ ಮತ್ತು ರಾಲ್ಫ್ ಮಾರ್ಕಸ್ ನಡುವೆ ಈ ಕಾರಣಾರ್ಥದ ‘ಎಯಿಸ್’ ಬಗ್ಗೆ ಸವಾಲು ಜವಾಬು ನಡೆಯಿತು. ಮ್ಯಾಂಟಿ ಬೈಬಲಿನ ಹೊರಗಿನ ಗ್ರೀಕ್ ಗ್ರಂಥಗಳಿಂದಲೂ ಉದಾಹರಣೆ ತಂದರು. ಮಾರ್ಕಸ್ ಅವುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಯಾವುದರಲ್ಲೂ ಕಾರಣಾರ್ಥ ಅನಿವಾರ್ಯವಲ್ಲ ಎಂದು ತೋರಿಸಿದರು. ಮ್ಯಾಂಟಿಯವರ ದೇವಶಾಸ್ತ್ರ ಸರಿಯಿದ್ದರೂ ಇರಬಹುದು, ಆದರೆ ಅದಕ್ಕೆ ಕಾರಣ ಗ್ರೀಕ್ ಭಾಷೆಯ ಪುರಾವೆಯಲ್ಲ ಎಂಬುದು ಅವರ ತೀರ್ಮಾನದ ಸಾರ. ಆ ತೀರ್ಮಾನವನ್ನು ಅಲುಗಾಡಿಸುವಂಥ ವಾದ ನಾನು ಓದಿದವುಗಳಲ್ಲಿ ಯಾವುದೂ ಇಲ್ಲ. ಮತ್ತಾಯ 26:28ರಲ್ಲಿ ಯೇಸು ತನ್ನ ರಕ್ತ ಬಹುಜನರಿಗಾಗಿ ‘ಎಯಿಸ್ ಅಫೆಸಿನ್ ಹಮಾರ್ತಿಯೋನ್’ (ಪಾಪಗಳ ಕ್ಷಮೆಗಾಗಿ) ಸುರಿಸಲ್ಪಡುತ್ತದೆ ಎನ್ನುವಾಗ ಪೇತ್ರನು ಬಳಸಿದ ಪದಗುಚ್ಛವೇ ಇದೆ. ಪಾಪಗಳು ಆಗಲೇ ಕ್ಷಮಿಸಲ್ಪಟ್ಟ ಕಾರಣ ರಕ್ತ ಸುರಿಯಿತು ಎಂದು ಯಾವ ಬ್ಯಾಪ್ಟಿಸ್ಟನೂ ಹೇಳುವುದಿಲ್ಲ.

ಇಷ್ಟಾದರೂ ಬ್ಯಾಪ್ಟಿಸ್ಟರ ನಿಲುವು ಬಿದ್ದುಹೋಯಿತೆಂದು ಅರ್ಥವಲ್ಲ. ಬಿದ್ದದ್ದು ಅದಕ್ಕೆ ಕೊಟ್ಟ ಒಂದು ಊರುಗೋಲು. ಅದೇ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಕೊರ್ನೇಲ್ಯನ ಮನೆಯವರ ಮೇಲೆ ಪವಿತ್ರಾತ್ಮನು ಇಳಿದದ್ದು ಸ್ನಾನಕ್ಕೆ ಮೊದಲು, ಮತ್ತು 10:43ರಲ್ಲಿ ಪೇತ್ರನೇ ಆತನಲ್ಲಿ ನಂಬಿಕೆಯಿಡುವ ಪ್ರತಿಯೊಬ್ಬನೂ ಆತನ ಹೆಸರಿನ ಮೂಲಕ ಪಾಪಕ್ಷಮೆ ಹೊಂದುತ್ತಾನೆ ಎಂದಿರುವುದು ವ್ಯಾಕರಣದ ಕಸರತ್ತಿಗಿಂತ ಬಲವಾದ ಆಧಾರ. ಘಟನೆಗಳ ಅನುಕ್ರಮದಿಂದ ವಾದಿಸಬೇಕಾದದ್ದನ್ನು ಉಪಸರ್ಗದಿಂದ ವಾದಿಸಲು ಹೋದದ್ದೇ ಪ್ರಮಾದ.

ಉಪಸರ್ಗದ ಓದು ಇಡೀ ಸಭೆಗಳನ್ನು ಬೇರೆ ಬೇರೆ ದಾರಿಗೆ ಹಚ್ಚಿದ ಪ್ರಸಂಗಗಳೂ ಇವೆ. ರೋಮಾ 5:12ರ ಕೊನೆಯ ‘ಎಫ್ ಹೋ’ ಎಂಬುದನ್ನು ಲ್ಯಾಟಿನ್ ಅನುವಾದ ‘ಇನ್ ಕ್ವೋ’ ಎಂದು, ಅಂದರೆ ‘ಯಾವನಲ್ಲಿ ಎಲ್ಲರೂ ಪಾಪ ಮಾಡಿದರೋ’ ಎಂದು ಓದಲು ಆಸ್ಪದ ಕೊಟ್ಟಿತು. ಅಗಸ್ಟೀನ್ ಇದರ ಮೇಲೆ ಆದಾಮನಲ್ಲೇ ಎಲ್ಲರೂ ಪಾಪಿಗಳಾದರು ಎಂಬ ವಿವರಣೆಯನ್ನು ಕಟ್ಟಿದ, 1546ರಲ್ಲಿ ಟ್ರೆಂಟ್ ಈ ವಚನವನ್ನು ಆ ರೂಪದಲ್ಲೇ ಉದ್ಧರಿಸಿತು. ‘ಎಲ್ಲರೂ ಪಾಪ ಮಾಡಿದ ಕಾರಣ’ ಎಂಬ ಓದು ಇಂದಿನ ಬಹುತೇಕ ಅನುವಾದಗಳಲ್ಲಿದೆ, ಮತ್ತು ಪೂರ್ವದ ಸಭೆಗಳು ಜನ್ಮದೋಷವನ್ನು ಅಪರಾಧವಾಗಿ ಅಲ್ಲ, ಮರಣಾಧೀನತೆಯಾಗಿ ಕಾಣುವುದಕ್ಕೆ ಇದೂ ಒಂದು ಹಿನ್ನೆಲೆ. ಹಾಗೆಂದು ಅಗಸ್ಟೀನನ ಸಿದ್ಧಾಂತವೆಲ್ಲ ಒಂದು ತಪ್ಪು ಅನುವಾದದ ಫಲ ಎಂದು ಗೇಲಿ ಮಾಡುವುದು ಅನ್ಯಾಯ. ಒಬ್ಬನ ಅವಿಧೇಯತೆಯಿಂದ ಬಹುಜನರು ಪಾಪಿಗಳಾದರು ಎಂಬ ಹತ್ತೊಂಬತ್ತನೆಯ ವಚನ ಹಾಗೆಯೇ ಉಳಿಯುತ್ತದೆ. ಇನ್ನು 1 ಕೊರಿಂಥ 3:15ರಲ್ಲಿ ಕಟ್ಟಡ ಸುಟ್ಟುಹೋದವನು ‘ಬೆಂಕಿಯ ಮೂಲಕವೋ ಎಂಬಂತೆ’ ರಕ್ಷಣೆ ಹೊಂದುವನು ಎಂದಿದೆ. 1438ರಲ್ಲಿ ಫೆರಾರಾದಲ್ಲಿ ಲ್ಯಾಟಿನರೂ ಗ್ರೀಕರೂ ಒಂದಾಗಲು ಸೇರಿದಾಗ ಸತ್ತವರ ಆತ್ಮಗಳು ಶುದ್ಧಿಯಾಗುವವೆನ್ನುವ ಶುದ್ಧೀಕರಣಸ್ಥಳದ ಚರ್ಚೆಯಲ್ಲಿ ಈ ವಚನವೂ ಎದ್ದುಬಂತು. ಬೆಂಕಿಯಿಂದ ಶುದ್ಧಿಯಾಗಿ ಎಂದು ಲ್ಯಾಟಿನರು, ಬೆಂಕಿಯಲ್ಲಿ ನಾಶವಾಗದೆ ಉಳಿಯುತ್ತಾನೆ ಎಂದು ಪ್ರಾಚೀನ ಗ್ರೀಕ್ ಪ್ರಸಂಗಕಾರ ಕ್ರಿಸೊಸ್ತೊಮನ ಜಾಡು ಹಿಡಿದ ಗ್ರೀಕರು. ಪೌಲನು ‘ಎಂಬಂತೆ’ ಎಂದು ಸೇರಿಸಿ ಇದು ಉಪಮೆಯೆಂದು ಸೂಚಿಸಿದ್ದನ್ನು ಇಬ್ಬರೂ ಇನ್ನಷ್ಟು ಗಮನಿಸಬಹುದಿತ್ತು.

ಈಚಿನ ದಶಕಗಳ ಚರ್ಚೆ ಉಪಸರ್ಗವನ್ನು ದಾಟಿ ಅದರ ನಂತರದ ಷಷ್ಠಿಗೆ ಬಂದು ನಿಂತಿದೆ. ಗಲಾತ್ಯ 2:16ರ ‘ದಿಯಾ ಪಿಸ್ತೆಯೋಸ್ ಯೇಸು ಕ್ರಿಸ್ತು’ ಎಂಬುದು ಕ್ರಿಸ್ತನಲ್ಲಿ ನಾವಿಡುವ ನಂಬಿಕೆಯೋ, ಕ್ರಿಸ್ತನೇ ತೋರಿದ ನಂಬಿಗಸ್ತಿಕೆಯೋ? ಹೊಸ ಒಡಂಬಡಿಕೆಯ ವಿದ್ವಾಂಸ ರಿಚರ್ಡ್ ಹೇಸ್ 1983ರಲ್ಲಿ ಎರಡನೆಯದನ್ನು ಬಲವಾಗಿ ಮಂಡಿಸಿದರು. ಇನ್ನೊಬ್ಬ ವಿದ್ವಾಂಸ ಜೇಮ್ಸ್ ಡನ್ ಮೊದಲನೆಯದಕ್ಕೇ ಅಂಟಿಕೊಂಡರು. ಎರಡನೆಯ ಓದನ್ನು ಒಪ್ಪಿದರೆ ‘ದಿಯಾ’ ಸೂಚಿಸುವ ಸಾಧನ ನಮ್ಮ ಒಳಗಿನ ಯಾವುದೂ ಅಲ್ಲ, ಕ್ರಿಸ್ತನ ವಿಧೇಯತೆಯೇ ಎಂದಾಗುತ್ತದೆ. ನಂಬಿಕೆಯೂ ಒಂದು ಕ್ರಿಯೆಯೇ ಎಂಬ ಹಳೆಯ ಕೊಂಕು ಪ್ರಶ್ನೆ ಆ ವಚನದ ಮಟ್ಟಿಗಂತೂ ಕರಗಿಹೋಗುತ್ತದೆ. ಆದರೂ ಅದೇ ವಚನದ ನಡುವೆ ‘ನಾವು ಕ್ರಿಸ್ತ ಯೇಸುವಿನಲ್ಲಿ ನಂಬಿಕೆಯಿಟ್ಟೆವು’ ಎಂಬ ಮಾತು ‘ಎಯಿಸ್’ನೊಡನೆ ನಿಂತಿರುವುದರಿಂದ ನಮ್ಮ ನಂಬಿಕೆಯನ್ನು ವಾಕ್ಯದಿಂದ ಹೊರಹಾಕಲು ಯಾರಿಗೂ ಆಗಿಲ್ಲ.

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕಥೋಲಿಕ ಸಭೆಯೂ ನೀತೀಕರಣವನ್ನು ಕುರಿತ ಜಂಟಿ ಘೋಷಣೆಗೆ ಸಹಿ ಹಾಕಿದವು. 2006ರಲ್ಲಿ ಮೆಥಡಿಸ್ಟರೂ 2017ರಲ್ಲಿ ಸುಧಾರಿತ ಸಭೆಗಳ ಒಕ್ಕೂಟವೂ ಸೇರಿಕೊಂಡವು. ಅದರ ಹದಿನೈದನೆಯ ಪರಿಚ್ಛೇದ ನಾವು ಕೃಪೆಯಿಂದ ಮಾತ್ರ, ಕ್ರಿಸ್ತನ ರಕ್ಷಣಾಕಾರ್ಯದ ಮೇಲಿನ ನಂಬಿಕೆಯಲ್ಲಿ, ನಮ್ಮ ಯಾವ ಪುಣ್ಯದ ಕಾರಣದಿಂದಲೂ ಅಲ್ಲ, ದೇವರಿಂದ ಅಂಗೀಕೃತರಾಗುತ್ತೇವೆ ಎನ್ನುತ್ತದೆ. ನಂಬಿಕೆಯ ‘ಮೂಲಕ’ ಎನ್ನದೆ ನಂಬಿಕೆ‘ಯಲ್ಲಿ’ ಎಂದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಸಾಧನ ಯಾವುದೆಂಬ ಹಳೆಯ ಪ್ರಶ್ನೆಯನ್ನು ಎಬ್ಬಿಸದೆ ಎರಡೂ ಕಡೆಯವರು ಒಪ್ಪಬಹುದಾದ ಮಾತು ಅದು. ‘ಕಾರಣದಿಂದ’ ಎಂಬ ಅರ್ಥವನ್ನು ಅಲ್ಲಿ ಇಬ್ಬರೂ ಕೂಡಿಯೇ ಕೈಬಿಟ್ಟರು. ಬಗೆಹರಿಯದೆ ಉಳಿದದ್ದು ಕ್ರಿಯೆಗಳು ನೀತಿಯ ಫಲಗಳು, ಗುರುತುಗಳು ಮಾತ್ರವಲ್ಲ, ಅದರ ವೃದ್ಧಿಗೆ ಕಾರಣವೂ ಹೌದು ಎಂಬ ಟ್ರೆಂಟಿನ ಇಪ್ಪತ್ತನಾಲ್ಕನೆಯ ವಿಧಿ. ಅಲ್ಲಿ ಎಫೆಸದ ‘ಎಪಿ’ ಕ್ರಿಯೆಗಳನ್ನು ಗುರಿಯೆಂದಷ್ಟೇ ಹೇಳಿ ಸುಮ್ಮನಾಗುತ್ತದೆ, ಯಾಕೋಬನ ‘ಎಕ್’ ಅವುಗಳಿಂದ ನಂಬಿಕೆ ಸಿದ್ಧಿಗೆ ಬಂತು ಎನ್ನುತ್ತದೆ. ಹೀಗೆ ಸಿದ್ಧಿಗೆ ಬರುವುದನ್ನೂ ನೀತಿಯ ವೃದ್ಧಿ ಎಂದು ಕರೆಯಬಹುದೇ ಎಂಬುದು ಲೂಥರನರಿಗೂ ಕಥೋಲಿಕರಿಗೂ ಇನ್ನೂ ಒಮ್ಮತವಾಗದ ವಿಷಯ.